ಸಂಜೆಯಾದರೆ ಪ್ರಿಂಟರ್ 'ಆಫ್‌ಲೈನ್', ಬೆಳಿಗ್ಗೆ ಸರಿ. ಯಾರಿಗಾದರೂ ಹೀಗಾಗಿದೆಯಾ?

ಖಾಲಿಹಾಳೆ | ಶುಕ್ರವಾರ, ರಾತ್ರಿ 9:42

ಮನೆಯಲ್ಲಿ ನಾಲ್ಕು ವರ್ಷ ಹಳೆಯ ಇಂಕ್‌ಜೆಟ್ ಪ್ರಿಂಟರ್ ಇದೆ. ವೈಫೈ ಮೇಲೆಯೇ ಬಳಸುತ್ತೇವೆ. ಮೂರು ವಾರದಿಂದ ಅದಕ್ಕೆ ಏನೋ ಬಡಿದಿದೆ. ಬೆಳಿಗ್ಗೆ ಪ್ರಿಂಟ್ ಕೊಟ್ಟರೆ ಲಕ್ಷಣವಾಗಿ ಬರುತ್ತದೆ. ಸಂಜೆ ಅದೇ ಲ್ಯಾಪ್‌ಟಾಪ್, ಅದೇ ಫೈಲ್, ಆದರೆ 'ಆಫ್‌ಲೈನ್' ಅನ್ನುತ್ತದೆ. ಪ್ರಿಂಟರ್ ಮೇಲಿನ ನೀಲಿ ವೈಫೈ ದೀಪ ಮಾತ್ರ ಮಿಣುಕದೆ ಉರಿಯುತ್ತಲೇ ಇರುತ್ತದೆ. ಎರಡು ಸಲ ಅರ್ಧ ಪುಟ ಬಂದು ಅಲ್ಲೇ ನಿಂತುಬಿಟ್ಟಿತು. ಹಾಳೆಯನ್ನು ಬಾಯಲ್ಲಿ ಕಚ್ಚಿಕೊಂಡು ಸುಮ್ನೆ ಕೂತಿತ್ತು.

ವಿಂಡೋಸ್ 11. ಡ್ರೈವರ್ ತೆಗೆದು ಮತ್ತೆ ಹಾಕಿದ್ದು ಮೂರು ಸಲ. ನಿನ್ನೆ ಬೆಳಿಗ್ಗೆ ಹಾಕಿದಾಗ ಸರಿಹೋಯ್ತು ಅಂತ ಖುಷಿಪಟ್ಟೆ. ಸಂಜೆ ಮತ್ತೆ ಅದೇ ರಾಗ. ಪ್ರಿಂಟರ್ ಕೆಟ್ಟಿದೆಯಾ? ಹೊಸದು ತರಬೇಕಾ?

ನಿದ್ದೆಗಣ್ಣ | ಶುಕ್ರವಾರ, ರಾತ್ರಿ 9:58

ಮೊದಲು ಎಲ್ಲಾ ಆಫ್ ಮಾಡಿ. ರೂಟರ್ ಆನ್ ಮಾಡಿ ಎರಡು ನಿಮಿಷ ಬಿಡಿ. ಆಮೇಲೆ ಪ್ರಿಂಟರ್, ಕೊನೆಗೆ ಲ್ಯಾಪ್‌ಟಾಪ್. ಕ್ಯೂನಲ್ಲಿ ಸಿಕ್ಕಿಕೊಂಡಿರುವ ಹಳೇ ಪ್ರಿಂಟ್‌ಗಳನ್ನೂ ಅಳಿಸಿ. ಅಳಿಸಿದರೂ ಹೋಗದಿದ್ದರೆ ಸರ್ವಿಸಸ್‌ಗೆ ಹೋಗಿ 'ಪ್ರಿಂಟ್ ಸ್ಪೂಲರ್' (ಪ್ರಿಂಟ್‌ಗಳನ್ನು ಸಾಲಾಗಿ ನಿಲ್ಲಿಸಿ ಕಳಿಸುವ ವಿಂಡೋಸ್ ಸೇವೆ) ನಿಲ್ಲಿಸಿ. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲ್‌ಗಳನ್ನು ಅಳಿಸಿ ಸ್ಪೂಲರ್ ಮತ್ತೆ ಶುರು ಮಾಡಿ. ನಮ್ಮನೆಯಲ್ಲಿ ಇಷ್ಟಕ್ಕೇ ಮುಗಿಯುತ್ತದೆ.

ಹಳೇಕೀಲಿ | ಶುಕ್ರವಾರ, ರಾತ್ರಿ 10:05

ಯುಎಸ್‌ಬಿ ಕೇಬಲ್ ಹಾಕಿ, ಆರಾಮಾಗಿ ಮಲಗಿ.

ಖಾಲಿಹಾಳೆ | ಶುಕ್ರವಾರ, ರಾತ್ರಿ 10:20

@ನಿದ್ದೆಗಣ್ಣ, ಇದನ್ನೆಲ್ಲ ಮಾಡಿದ್ದೇನೆ. ಸ್ಪೂಲರ್ ಕೂಡ. ಆ ಫೋಲ್ಡರ್ ಖಾಲಿಯೇ ಇತ್ತು.

@ಹಳೇಕೀಲಿ, ಪ್ರಿಂಟರ್ ಇರೋದು ಒಂದು ಕೋಣೆಯಲ್ಲಿ, ನಾನು ಕೂರೋದು ಇನ್ನೊಂದರಲ್ಲಿ. ಅಷ್ಟು ಉದ್ದದ ಕೇಬಲ್ ಎಳೆದರೆ ನಡೆಯುವವರೆಲ್ಲ ಎಡವಿ ಬೀಳುತ್ತಾರೆ.

ತಂತಿಜಾಲ | ಶುಕ್ರವಾರ, ರಾತ್ರಿ 10:51

ಡ್ರೈವರ್ ಮುಟ್ಟಬೇಡಿ. ಬೆಳಿಗ್ಗೆ ಕೆಲಸ ಮಾಡುವ ಡ್ರೈವರ್ ಸಂಜೆ ಕೆಡುವುದಿಲ್ಲ.

ಇಲ್ಲಿ ಎರಡು ಕೊಂಡಿ ಇವೆ. ಒಂದು ಪ್ರಿಂಟರಿನಿಂದ ರೂಟರ್‌ಗೆ. ಇನ್ನೊಂದು ಲ್ಯಾಪ್‌ಟಾಪಿನಿಂದ ರೂಟರ್ ದಾಟಿ ಪ್ರಿಂಟರ್‌ಗೆ. ನೀಲಿ ದೀಪ ಹೇಳೋದು ಮೊದಲನೆಯದರ ಬಗ್ಗೆ ಮಾತ್ರ. ಪಾಸ್‌ವರ್ಡ್ ಸರಿಯಿದೆ, ರೂಟರ್ ಒಳಗೆ ಬಿಟ್ಟುಕೊಂಡಿದೆ, ಅಷ್ಟೇ. ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಸಿಗುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಪ್ರಿಂಟರ್ ಮೆನುವಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಪುಟ ಪ್ರಿಂಟ್ ಮಾಡುವ ಆಯ್ಕೆ ಇರುತ್ತದೆ. ಪರದೆ ಇಲ್ಲದ ಮಾದರಿಯಲ್ಲಿ ವೈಫೈ ಬಟನ್ ಅಥವಾ 'ಐ' ಬಟನ್ ಒತ್ತಿ ಹಿಡಿಯಬೇಕು. ಆ ಪುಟ ತೆಗೆದು ಅದರಲ್ಲಿರೋದನ್ನು ಇಲ್ಲಿ ಹಾಕಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಪ್ರಿಂಟರಿನ ಮನೆ ನಂಬರ್) 169.254 ಅಂತ ಶುರುವಾದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟೇ ಇಲ್ಲ, ಪ್ರಿಂಟರ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಟ್ಯಾಬಿನಲ್ಲಿ ಟಿಕ್ ಯಾವುದಕ್ಕೆ ಇದೆ ಅಂತಲೂ ನೋಡಿ. ಡಬ್ಲ್ಯುಎಸ್‌ಡಿ ಪೋರ್ಟಾ (ವಿಂಡೋಸ್ ಪ್ರಿಂಟರನ್ನು ತಾನೇ ಹುಡುಕಿಕೊಳ್ಳೋದು), ಟಿಸಿಪಿ/ಐಪಿ ಪೋರ್ಟಾ (ಬರೆದಿಟ್ಟ ವಿಳಾಸಕ್ಕೇ ಹೋಗೋದು)?

ಖಾಲಿಹಾಳೆ | ಶನಿವಾರ, ಬೆಳಿಗ್ಗೆ 7:30

ಪುಟ ಬಂತು (ಬೆಳಿಗ್ಗೆ ಅಲ್ವಾ, ಬರಲೇಬೇಕು).

ಐಪಿ ವಿಳಾಸ 192.168.1.20
ಸಬ್‌ನೆಟ್ 255.255.255.0
ಗೇಟ್‌ವೇ 192.168.1.1
ಚಾನೆಲ್ 6, ಸಿಗ್ನಲ್ 'ಉತ್ತಮ'

ಮಿಕ್ಕಿದ್ದೆಲ್ಲ ಸಣ್ಣಪುಟ್ಟದ್ದು, ಅದಕ್ಕೇ ಟೈಪ್ ಮಾಡಿಲ್ಲ. ಪೋರ್ಟ್ ಟಿಸಿಪಿ/ಐಪಿ. ಅಲ್ಲೂ 192.168.1.20 ಅಂತಲೇ ಇದೆ.

ಚುಕ್ಕಿ72 | ಶನಿವಾರ, ಬೆಳಿಗ್ಗೆ 8:12

ಟಿಸಿಪಿ/ಐಪಿ ಪೋರ್ಟ್ ಅಂದ್ರಲ್ಲ, ಅದರ 'ಕಾನ್ಫಿಗರ್ ಪೋರ್ಟ್' ಒತ್ತಿ. ಕೆಳಗೆ 'ಎಸ್‌ಎನ್‌ಎಂಪಿ ಸ್ಟೇಟಸ್' ಅಂತ ಒಂದು ಟಿಕ್ ಇರುತ್ತದೆ. ಪ್ರಿಂಟರ್ ಬದುಕಿದೆಯಾ ಅಂತ ವಿಂಡೋಸ್ ಆ ದಾರಿಯಲ್ಲಿ ವಿಚಾರಿಸುತ್ತಾ ಇರುತ್ತದೆ. ಉತ್ತರ ಬರದಿದ್ದರೆ ಪ್ರಿಂಟರ್ ಚೆನ್ನಾಗಿದ್ದರೂ ಆಫ್‌ಲೈನ್ ಅನ್ನುತ್ತದೆ. ಟಿಕ್ ತೆಗೆದು ಸಂಜೆ ನೋಡಿ. ಹಾಗೇ ಕ್ಯೂ ಮೆನುವಿನಲ್ಲಿ 'ಯೂಸ್ ಪ್ರಿಂಟರ್ ಆಫ್‌ಲೈನ್'ಗೆ ಟಿಕ್ ಬಿದ್ದಿದೆಯಾ ನೋಡಿ.

ಮೂಲೆಕೋಣೆ | ಶನಿವಾರ, ಬೆಳಿಗ್ಗೆ 10:40

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದೂ ಪ್ರಿಂಟರ್ ವೈಫೈ ಗೋಳೇ. ಹೊಸ ರೂಟರ್ ಬಂತು. ಫೋನು, ಟಿವಿ ಎಲ್ಲಾ ಸೇರಿಕೊಂಡವು. ಪ್ರಿಂಟರ್ ಪರದೆಯಲ್ಲಿ ಪಕ್ಕದ ಮನೆಯವರ ನೆಟ್‌ವರ್ಕ್‌ಗಳೆಲ್ಲ ಕಾಣುತ್ತವೆ, ನನ್ನದು ಕಾಣೋದೇ ಇಲ್ಲ!

ತಂತಿಜಾಲ | ಶನಿವಾರ, ಬೆಳಿಗ್ಗೆ 11:15

@ಮೂಲೆಕೋಣೆ, ಬೇರೆ ಕಥೆ, ಆದರೆ ಬೇಗ ಮುಗಿಯೋದು. ಪ್ರಿಂಟರ್ ಕೈಪಿಡಿಯಲ್ಲಿ 802.11 ಪಕ್ಕ ಯಾವ ಅಕ್ಷರ ಇವೆ ನೋಡಿ. ಬಿ, ಜಿ, ಎನ್ ಮಾತ್ರ ಇದ್ದು ಎ ಅಥವಾ ಎಸಿ ಇಲ್ಲದಿದ್ದರೆ ಅದಕ್ಕೆ ಗೊತ್ತಿರೋದು 2.4 ಗಿಗಾಹರ್ಟ್ಸ್ ಮಾತ್ರ. 5 ಗಿಗಾಹರ್ಟ್ಸ್ ಅದರ ಕಣ್ಣಿಗೇ ಬೀಳಲ್ಲ. ಮನೆಗೆ ಕೊಳ್ಳುವ ಪ್ರಿಂಟರ್‌ಗಳಲ್ಲಿ ಇಂಥವು ತುಂಬಾ ಇವೆ. ಹೊಸ ರೂಟರ್‌ನಲ್ಲಿ 2.4 ಆಫ್ ಆಗಿದೆಯಾ ನೋಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ.

2.4 ಆನ್ ಇದ್ದೂ ಕಾಣದಿದ್ದರೆ ಚಾನೆಲ್ ನೋಡಿ. 'ಆಟೋ' ಅಂತ ಬಿಟ್ಟಾಗ ರೂಟರ್ ಒಮ್ಮೊಮ್ಮೆ 12 ಅಥವಾ 13ಕ್ಕೆ ಹೋಗಿ ಕೂರುತ್ತದೆ. ಕೆಲವು ಸಾಧನಗಳು 11ರ ಆಚೆ ನೋಡುವುದೇ ಇಲ್ಲ. 1, 6, 11 ಇವುಗಳಲ್ಲಿ ಒಂದಕ್ಕೆ ಕಟ್ಟಿಹಾಕಿ. ಆ ಮೂರು ಒಂದರ ಮೇಲೊಂದು ಬೀಳಲ್ಲ.

ಮೂಲೆಕೋಣೆ | ಶನಿವಾರ, ಮಧ್ಯಾಹ್ನ 12:03

ಹೆಸರು ಬೇರೆ ಮಾಡಿದೆ, ಕಾಣ್ತಿದೆ! ಆದರೆ ಈಗ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಐದು ಸಲ ಹಾಕಿದೆ. ಅದೇ ಪಾಸ್‌ವರ್ಡ್ ಫೋನಿಗೆ ಸರಿ.

ಚುಕ್ಕಿ72 | ಶನಿವಾರ, ಮಧ್ಯಾಹ್ನ 12:10

ಪಾಸ್‌ವರ್ಡ್ ತಪ್ಪಲ್ಲ, ಬೀಗದ ಜಾತಿ ಬೇರೆ. ರೂಟರ್ ಡಬ್ಲ್ಯುಪಿಎ3ರಲ್ಲಿ ಮಾತ್ರ ಕೂತಿರಬೇಕು. ಆ ಪದ್ಧತಿ ಬಂದಿದ್ದೇ 2018ರಲ್ಲಿ, ಹಳೇ ಪ್ರಿಂಟರ್‌ಗೆ ಅದು ಬರಲ್ಲ. 2.4ರ ಮಟ್ಟಿಗೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ ಅಂತ ಇಡಿ. ಅದಕ್ಕೂ ಕೆಲವು ಪ್ರಿಂಟರ್ ಮುನಿಸಿಕೊಳ್ಳುತ್ತವೆ. ಆಗ ಬರೀ ಡಬ್ಲ್ಯುಪಿಎ2. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಮೂಲೆಕೋಣೆ | ಶನಿವಾರ, ಮಧ್ಯಾಹ್ನ 12:31

ಮಿಶ್ರಕ್ಕೆ ಆಗಲಿಲ್ಲ, ಬರೀ ಡಬ್ಲ್ಯುಪಿಎ2ಗೆ ಸೇರಿಕೊಂಡಿತು. ಒಂದು ಅನುಮಾನ. ಪ್ರಿಂಟರ್ 2.4ರಲ್ಲಿ, ಲ್ಯಾಪ್‌ಟಾಪ್ 5ರಲ್ಲಿ. ಇನ್ನು ಪ್ರಿಂಟ್ ಕೊಡುವಾಗಲೆಲ್ಲ ಲ್ಯಾಪ್‌ಟಾಪನ್ನೂ 2.4ಕ್ಕೆ ತರಬೇಕಾ?

ತಂತಿಜಾಲ | ಶನಿವಾರ, ಮಧ್ಯಾಹ್ನ 12:40

ಬೇಡ. ಎರಡು ಬಾಗಿಲು, ಒಳಗೆ ಒಂದೇ ಮನೆ. ಯಾವ ಬಾಗಿಲಿಂದ ಬಂದರೂ ಒಳಗೆ ಸಿಗುತ್ತಾರೆ. ಗೆಸ್ಟ್ ನೆಟ್‌ವರ್ಕ್ ಮಾತ್ರ ಆ ಮನೆ ಅಲ್ಲ, ಹೊರಗಿನ ಜಗಲಿ. ಅಲ್ಲಿ ಸೇರಿದವರಿಗೆ ಒಳಗಿರುವವರು ಕಾಣಬಾರದು ಅಂತಲೇ ಅದನ್ನು ಮಾಡಿರೋದು. ಪ್ರಿಂಟರನ್ನು ಅದರಲ್ಲಿ ಹಾಕಬೇಡಿ. 'ಎಪಿ ಐಸೊಲೇಶನ್' ಅಥವಾ 'ಕ್ಲೈಂಟ್ ಐಸೊಲೇಶನ್' ಅನ್ನುವ ಟಿಕ್ ಬಿದ್ದಿದ್ದರೂ ಇದೇ ಗತಿ.

ಖಾಲಿಹಾಳೆ | ಶನಿವಾರ, ಸಂಜೆ 6:25

ವರದಿ ಒಪ್ಪಿಸ್ತಿದ್ದೀನಿ. ಎಸ್‌ಎನ್‌ಎಂಪಿ ಟಿಕ್ ತೆಗೆದೆ. ಈಗ ಆಫ್‌ಲೈನ್ ಅನ್ನಲ್ಲ. 'ಪ್ರಿಂಟಿಂಗ್' ಅನ್ನುತ್ತದೆ. ಹತ್ತು ನಿಮಿಷದಿಂದ ಪ್ರಿಂಟಿಂಗ್ ಅಂತಲೇ ಇದೆ. ಹಾಳೆ ಬಂದಿಲ್ಲ.

ತಂತಿಜಾಲ | ಶನಿವಾರ, ಸಂಜೆ 6:40

ಹಾಗಾದರೆ ಎಸ್‌ಎನ್‌ಎಂಪಿ ಸುಳ್ಳು ಹೇಳ್ತಿರಲಿಲ್ಲ. ನಿಜವಾಗಿಯೂ ತಲುಪುತ್ತಿಲ್ಲ. ಟಿಕ್ ವಾಪಸ್ ಹಾಕಿಬಿಡಿ. ಈಗಲೇ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಬರೆದು, ಒಂದು ಜಾಗ ಬಿಟ್ಟು, ಪ್ರಿಂಟರಿನ ಐಪಿ ಹಾಕಿ. ಆ ವಿಳಾಸವನ್ನು ಕೂಗಿ, ಉತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಅದು ಅಳೆಯುತ್ತೆ. ಏನು ಬರುತ್ತೆ ಹೇಳಿ. ನಾಳೆ ಬೆಳಿಗ್ಗೆಯೂ ಅದನ್ನೇ ಮಾಡಿ ಹೋಲಿಸೋಣ.

ಖಾಲಿಹಾಳೆ | ಶನಿವಾರ, ಸಂಜೆ 6:52

ಉತ್ತರ ಬರ್ತಿದೆ! 96 ಮಿಲಿಸೆಕೆಂಡ್, 143, 88, 210. ನಾಲ್ಕಕ್ಕೆ ನಾಲ್ಕೂ ಬಂದವು.

ತಂತಿಜಾಲ | ಶನಿವಾರ, ಸಂಜೆ 7:01

ಸಿಕ್ಕಿತು ಅನ್ನಿಸುತ್ತೆ. ಉತ್ತರ ಬರ್ತಿದೆ ಅಂದರೆ ಪ್ರಿಂಟರ್ ಅಲ್ಲೇ ಇದೆ. ಆದರೆ ಮನೆಯೊಳಗಿನ ಪಿಂಗ್ ಹತ್ತು ಮಿಲಿಸೆಕೆಂಡಿನೊಳಗೆ ಬರಬೇಕು. 210 ತುಂಬಾ ಜಾಸ್ತಿ, ಅದೂ ಒಂದಕ್ಕೊಂದು ತಾಳಮೇಳ ಇಲ್ಲ. ಸಂಜೆ ಎಲ್ಲರೂ ಮನೆಗೆ ಬಂದು ವೈಫೈ ಹಚ್ಚುತ್ತಾರೆ, ಅಕ್ಕಪಕ್ಕದವರೂ ಸೇರಿ. 2.4 ಗಿಜಿಗುಡುತ್ತದೆ. ಚಾನೆಲ್ 6ರಿಂದ 1 ಅಥವಾ 11ಕ್ಕೆ ಬದಲಿಸಿ, ಅಗಲ 40 ಇದ್ದರೆ 20 ಮೆಗಾಹರ್ಟ್ಸ್‌ಗೆ ಇಳಿಸಿ.

ಸುಮ್ನೆಓದುಗ | ಶನಿವಾರ, ಸಂಜೆ 7:20

ಹೌದು, ಮೈಕ್ರೋವೇವ್ ಓವನ್ ಇದ್ದರೆ ಅದೂ 2.45ರಲ್ಲೇ ಗಲಾಟೆ ಮಾಡೋದು. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ರೂಟರ್ ಪಕ್ಕ ಇದ್ದರೂ 2.4 ಕೆಡುತ್ತೆ. 2012ರಲ್ಲಿ ಇಂಟೆಲ್‌ನವರೇ ಅದರ ಬಗ್ಗೆ ಬರೆದಿದ್ದರು. ಪ್ರಿಂಟರನ್ನು ಕಬ್ಬಿಣದ ಬೀರು ಮೇಲೆ ಇಟ್ಟಿಲ್ಲ ತಾನೇ?

ಬೆಳಗಿನಪಾಳಿ | ಶನಿವಾರ, ರಾತ್ರಿ 8:15

ನನ್ನದು ಬೇರೆ ಥರ. ಫೋನಿನಿಂದ ಪ್ರಿಂಟ್ ಬರುತ್ತೆ, ಕೆಲಸದ ಲ್ಯಾಪ್‌ಟಾಪಿನಿಂದ ಬರಲ್ಲ. ಎರಡೂ ಒಂದೇ ವೈಫೈ.

ಚುಕ್ಕಿ72 | ಶನಿವಾರ, ರಾತ್ರಿ 8:19

ವಿಪಿಎನ್ ಆನ್ ಇದೆಯಾ?

ಬೆಳಗಿನಪಾಳಿ | ಶನಿವಾರ, ರಾತ್ರಿ 8:24

ಛೆ. ಹೌದು. ಆಫ್ ಮಾಡಿದ ತಕ್ಷಣ ಹನ್ನೊಂದು ಕಾಪಿ ಒಟ್ಟಿಗೆ ಬರ್ತಿವೆ.

ಚುಕ್ಕಿ72 | ಶನಿವಾರ, ರಾತ್ರಿ 8:33

ಕ್ಯೂನಲ್ಲಿ ಕಾದು ಕೂತಿದ್ದವು ಪಾಪ. ವಿಪಿಎನ್ ಆನ್ ಆದಾಗ ಲ್ಯಾಪ್‌ಟಾಪ್ ಕಳಿಸೋದೆಲ್ಲ ಆಫೀಸಿನ ಸುರಂಗಕ್ಕೆ ಹೋಗುತ್ತದೆ, ಪಕ್ಕದ ಕೋಣೆಗೆ ಬರಲ್ಲ. 'ಲೋಕಲ್ ನೆಟ್‌ವರ್ಕ್‌ಗೆ ಅವಕಾಶ' ಅನ್ನುವ ಆಯ್ಕೆ ಕೆಲವು ವಿಪಿಎನ್‌ಗಳಲ್ಲಿ ಇರುತ್ತೆ. ಆಫೀಸಿನವರು ಅದನ್ನು ಮುಚ್ಚಿದ್ದರೆ ಫೈಲನ್ನು ಫೋನಿಗೆ ಕಳಿಸಿಕೊಂಡು ಪ್ರಿಂಟ್ ಮಾಡೋದೇ ಸುಲಭ.

ಇದರ ಉಲ್ಟಾ ತೊಂದರೆಯೂ ಇದೆ. ಲ್ಯಾಪ್‌ಟಾಪಿಗೆ ಸಿಗುತ್ತೆ, ಫೋನಿನ ಆ್ಯಪಿಗೆ ಸಿಗಲ್ಲ. ಐಫೋನ್ ಆದರೆ 2020ರ ಐಒಎಸ್ 14ರಿಂದ 'ಲೋಕಲ್ ನೆಟ್‌ವರ್ಕ್' ಅನುಮತಿ ಅಂತ ಒಂದು ಬಂದಿದೆ. ಮ್ಯಾಕ್‌ಗೆ 2024ರ ಸಿಕೋಯಾದಲ್ಲಿ ಬಂತು. ಮೊದಲ ಸಲ ಕೇಳಿದಾಗ ಅವಸರದಲ್ಲಿ 'ಬೇಡ' ಒತ್ತಿದ್ದರೆ ಆ ಆ್ಯಪ್ ಎಷ್ಟು ಹುಡುಕಿದರೂ ಪ್ರಿಂಟರ್ ಸಿಗಲ್ಲ.

ಖಾಲಿಹಾಳೆ | ಭಾನುವಾರ, ಬೆಳಿಗ್ಗೆ 9:10

ರಾತ್ರಿ ಚಾನೆಲ್ 11ಕ್ಕೆ ಬದಲಿಸಿದೆ. ಅಗಲ 20. ಬೀರು ಇಲ್ಲ, ಮರದ ಮೇಜು. ಮೈಕ್ರೋವೇವ್ ಆನ್ ಮಾಡಿರಲಿಲ್ಲ. ಏನೂ ಬದಲಾಗಲಿಲ್ಲ.

ಹೋಗಲಿ, ಬೆಳಿಗ್ಗೆ ಪಿಂಗ್ ಹೋಲಿಸೋಣ ಅಂತ ಕೂತರೆ ಇವತ್ತು ಬೆಳಿಗ್ಗೆಯೇ ಆಫ್‌ಲೈನ್. ಹೋದ ಭಾನುವಾರವೂ ಹೀಗೇ ಇಡೀ ದಿನ ಬರಲಿಲ್ಲ. ಅದಕ್ಕೆ ಹಿಂದಿನ ಭಾನುವಾರವೂ ಹೀಗೇ ಅಂತ ನೆನಪು. ಇದಕ್ಕೆ ವಾರದ ರಜೆ ಬೇರೆ ಬೇಕು ಅಂತ ಕಾಣುತ್ತೆ.

ತಂತಿಜಾಲ | ಭಾನುವಾರ, ಬೆಳಿಗ್ಗೆ 9:32

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಚಾನೆಲ್ ಗಿಜಿಗುಡಲ್ಲ. ನನ್ನ ಊಹೆ ತಪ್ಪು. ಯೋಚಿಸಿ ಬರ್ತೀನಿ.

ಚುಕ್ಕಿ72 | ಭಾನುವಾರ, ಬೆಳಿಗ್ಗೆ 9:40

ಒಂದು ನಿಮಿಷ. ದಿನಾ ಹಗಲು ಮನೆಯಲ್ಲಿ ಇರದೆ, ಸಂಜೆ ಬಂದು, ಭಾನುವಾರ ಇಡೀ ದಿನ ಇರೋದು ಏನು?

ಪ್ರಿಂಟರ್ ಆಫ್ ಮಾಡಿ. ಬಟನ್‌ನಿಂದ ಅಲ್ಲ, ಪ್ಲಗ್ ಕಿತ್ತುಬಿಡಿ. ಆಮೇಲೆ ಅದೇ ವಿಳಾಸಕ್ಕೆ ಮತ್ತೆ ಪಿಂಗ್ ಮಾಡಿ.

ಖಾಲಿಹಾಳೆ | ಭಾನುವಾರ, ಬೆಳಿಗ್ಗೆ 9:47

ಪ್ಲಗ್ ನನ್ನ ಎಡಗೈಯಲ್ಲಿದೆ. ಪ್ರಿಂಟರಿನ ಎಲ್ಲಾ ದೀಪ ಆರಿವೆ.

192.168.1.20ರಿಂದ ಉತ್ತರ ಬರ್ತಿದೆ. 112, 75, 160, 91.

ನನಗೆ ಸ್ವಲ್ಪ ಹೆದರಿಕೆ ಆಗ್ತಿದೆ.

ಚುಕ್ಕಿ72 | ಭಾನುವಾರ, ಬೆಳಿಗ್ಗೆ 9:50

ದೆವ್ವ ಅಲ್ಲ, ಆ ವಿಳಾಸದಲ್ಲಿ ಇನ್ನೊಬ್ಬರು ಮನೆ ಮಾಡಿದ್ದಾರೆ. ಈಗ ಅದೇ ಕಪ್ಪು ಕಿಟಕಿಯಲ್ಲಿ ಎಆರ್‌ಪಿ ಅಂತ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎ ಹಾಕಿ (ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ). ಪಟ್ಟಿಯಲ್ಲಿ 192.168.1.20ರ ಎದುರು ಆರು ಜೋಡಿ ಅಕ್ಷರಗಳ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನದ ಸ್ವಂತ ಗುರುತು) ಇರುತ್ತೆ. ನಿನ್ನೆಯ ನೆಟ್‌ವರ್ಕ್ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸ ಇದೆ, ನೀವು ಸಣ್ಣಪುಟ್ಟದ್ದು ಅಂದಿರಲ್ಲ, ಅದರಲ್ಲಿ. ಎರಡೂ ಒಂದೇನಾ ನೋಡಿ. ಅದೇ ಪುಟದಲ್ಲಿ 'ಐಪಿ ಪಡೆದ ರೀತಿ' ಅಂತಲೂ ಒಂದು ಸಾಲು ಇರಬೇಕು. ಇಡೀ ಮ್ಯಾಕ್ ಇಲ್ಲಿ ಹಾಕೋದು ಬೇಡ.

ಖಾಲಿಹಾಳೆ | ಭಾನುವಾರ, ಬೆಳಿಗ್ಗೆ 10:02

ಬೇರೆ ಬೇರೆ. ಪ್ರಿಂಟರಿನದು 38ರಿಂದ ಶುರು. ಇದು 'ಡಿಎ'ಯಿಂದ ಶುರು.

ಐಪಿ ಪಡೆದ ರೀತಿ: ಮ್ಯಾನುಯಲ್. ಅಯ್ಯೋ. ಅದನ್ನು ಹಾಕಿದ್ದು ನಾನೇ. ಎರಡು ವರ್ಷದ ಹಿಂದೆ ವಿಳಾಸ ಬದಲಾಗಿ ಬದಲಾಗಿ ಬೇಜಾರಾಗಿ, ಯಾವುದೋ ವಿಡಿಯೋ ನೋಡಿ 20 ಅಂತ ಕಟ್ಟಿಹಾಕಿದ್ದೆ. ಇಷ್ಟು ದಿನ ಚೆನ್ನಾಗೇ ಇತ್ತಲ್ಲ?

ಚುಕ್ಕಿ72 | ಭಾನುವಾರ, ಬೆಳಿಗ್ಗೆ 10:06

ಮೂರು ವಾರದ ಹಿಂದೆ ರೂಟರ್ ಬದಲಾಯ್ತಾ?

'ಡಿಎ' ಅಂದ್ರಲ್ಲ. ಮೊದಲ ಜೋಡಿಯ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆ ಕೊಟ್ಟ ಮ್ಯಾಕ್ ಅಲ್ಲ, ಸಾಧನವೇ ಕಟ್ಟಿಕೊಂಡದ್ದು. ಮನೆಗಳಲ್ಲಿ ಅಂಥದ್ದು ಹೆಚ್ಚಾಗಿ ಫೋನ್. ಆಂಡ್ರಾಯ್ಡ್ 10, ಐಒಎಸ್ 14 ಆದಮೇಲೆ ಫೋನ್‌ಗಳು ತಮ್ಮ ಗುರುತು ಮರೆಸಲು ಹೀಗೆ ಮಾಡುತ್ತವೆ. ಮನೆಯಲ್ಲಿರುವ ಫೋನ್‌ಗಳ ವೈಫೈ ವಿವರ ತೆರೆದು ಯಾರ ಐಪಿ 20 ಅಂತ ನೋಡಿ.

ಖಾಲಿಹಾಳೆ | ಭಾನುವಾರ, ಬೆಳಿಗ್ಗೆ 10:25

ಮಗಳ ಫೋನ್!

ಕಾಲೇಜು ಮುಗಿಸಿ ಐದಕ್ಕೆ ಬರ್ತಾಳೆ. ಭಾನುವಾರ ಇಡೀ ದಿನ ಮನೆ. ರೂಟರ್ ಬದಲಾಗಿದ್ದೂ ಹೌದು, ಸರಿಯಾಗಿ ಮೂರು ವಾರ. ವೈಫೈ ಹೆಸರು, ಪಾಸ್‌ವರ್ಡ್ ಹಳೆಯದ್ದೇ ಇಟ್ಟಿದ್ದೆ. ಪ್ರಿಂಟರ್ ತಾನೇ ಸೇರಿಕೊಂಡಿತ್ತು. ಅದಕ್ಕೇ ರೂಟರ್ ಮೇಲೆ ಅನುಮಾನವೇ ಬರಲಿಲ್ಲ.

ಅವಳೂ ಮೂರು ವಾರದಿಂದ 'ನೆಟ್ ಆಗಾಗ ನಿಂತೋಗುತ್ತೆ' ಅಂತ ಗೊಣಗುತ್ತಿದ್ದಳು. ಫೋನ್ ಜಾಸ್ತಿ ನೋಡಬೇಡ ಅಂತ ಬೈದಿದ್ದೆ.

ತಂತಿಜಾಲ | ಭಾನುವಾರ, ಬೆಳಿಗ್ಗೆ 10:48

ಭೇಷ್, ಚುಕ್ಕಿ. ನಾನು ಆ ಪಿಂಗ್ ನೋಡಿ 'ಪ್ರಿಂಟರ್ ಅಲ್ಲೇ ಇದೆ' ಅಂದಿದ್ದೆ. ಆ ವಿಳಾಸದಲ್ಲಿ ಯಾರೋ ಇದ್ದಾರೆ ಅಂತ ಮಾತ್ರ ಪಿಂಗ್ ಹೇಳುತ್ತೆ, ಯಾರು ಅಂತ ಹೇಳಲ್ಲ. 96, 143, 210 ಅನ್ನುವ ಏರಿಳಿತವೂ ಫೋನಿನದೇ ಲಕ್ಷಣ. ಬ್ಯಾಟರಿ ಉಳಿಸಲು ಅದು ವೈಫೈ ರೇಡಿಯೋವನ್ನು ಆಗಾಗ ಮಲಗಿಸುತ್ತೆ. ಎದ್ದಾಗ ಉತ್ತರ ಕೊಡುತ್ತೆ. ಅದನ್ನು ನಾನು ಸಿಗ್ನಲ್ ತೊಂದರೆ ಅಂತ ಓದಿದೆ.

ಹೀಗಾಗಿರಬೇಕು. ರೂಟರಿನೊಳಗಿನ ಡಿಎಚ್‌ಸಿಪಿ ಅನ್ನೋದು ವಿಳಾಸ ಹಂಚುವ ಗುಮಾಸ್ತ. ತಾನು ಹಂಚಿದ್ದು ಮಾತ್ರ ಅವನ ಪುಸ್ತಕದಲ್ಲಿ ಇರುತ್ತೆ. ಪ್ರಿಂಟರ್ ತಾನೇ 20 ಅಂತ ಹೇಳಿಕೊಂಡು ಕೂತರೆ ಅವನಿಗೆ ಗೊತ್ತಾಗಲ್ಲ. ಹಳೇ ರೂಟರ್ 100ರಿಂದ ಮೇಲೆ ಹಂಚುತ್ತಿದ್ದಿರಬಹುದು, ಹೊಸದು ಕೆಳಗಿನಿಂದ ಶುರು ಮಾಡುತ್ತಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೋಡಿ. ಎಷ್ಟೋ ರೂಟರ್‌ಗಳು ವಿಳಾಸ ಕೊಡುವ ಮುನ್ನ 'ಇಲ್ಲಿ ಯಾರಾದರೂ ಇದ್ದೀರಾ' ಅಂತ ಕೂಗಿ ನೋಡುತ್ತವೆ. ಪ್ರಿಂಟರ್ ಗಾಢ ನಿದ್ದೆಯಲ್ಲಿದ್ದರೆ ಆ ಕೂಗಿಗೆ ಓಗೊಡಲ್ಲ.

ಆಮೇಲೆ ಇಬ್ಬರೂ 20. ಲ್ಯಾಪ್‌ಟಾಪ್ '20 ಯಾರು' ಅಂತ ಕೇಳಿದಾಗ ಯಾರ ಉತ್ತರ ಸಿಕ್ಕಿತೋ ಅವರಿಗೆ ಪ್ರಿಂಟ್ ಕಳಿಸುತ್ತೆ. ಫೋನಿಗೆ ಹೋದರೆ ಅದಕ್ಕೇನು ಗೊತ್ತು, ತಳ್ಳಿಬಿಡುತ್ತೆ. ನಿಮ್ಮ ಅರ್ಧ ಹಾಳೆ ಕಥೆಯೂ ಇದೇ. ಪುಟದ ನಡುವೆ ವಿಳಾಸದ ಯಜಮಾನ ಬದಲಾದ.

ಖಾಲಿಹಾಳೆ | ಭಾನುವಾರ, ಬೆಳಿಗ್ಗೆ 11:10

ನೋಡಿದೆ. ಹೊಸ ರೂಟರ್ 2ರಿಂದ 254ರವರೆಗೂ ಹಂಚುತ್ತಿದೆ. ಈಗ ಏನು ಮಾಡಲಿ? ಪ್ರಿಂಟರ್‌ಗೆ ಬೇರೆ ನಂಬರ್ ಹಾಕಿದರೆ ಸಾಕಾ?

ಹಳೇಕೀಲಿ | ಭಾನುವಾರ, ಬೆಳಿಗ್ಗೆ 11:15

ಸಾಕು. 250 ಅಂತ ಹಾಕಿ ಮರೆತುಬಿಡಿ. ಅಲ್ಲಿಯವರೆಗೆ ಯಾವ ರೂಟರ್ ಹೋಗುತ್ತೆ?

ತಂತಿಜಾಲ | ಭಾನುವಾರ, ಬೆಳಿಗ್ಗೆ 11:22

ಹಾಗೆ ಮರೆತಿದ್ದಕ್ಕೇ ಇಷ್ಟೆಲ್ಲ ಆಗಿದ್ದು! 250 ಕೂಡ ಅದರ ಪಟ್ಟಿಯೊಳಗೇ ಇದೆ. ಕೆಲವು ರೂಟರ್ ಕ್ರಮವಾಗಿ ಹಂಚಲ್ಲ, ಎಲ್ಲಿಂದಲಾದರೂ ಎತ್ತಿ ಕೊಡುತ್ತೆ.

ಪ್ರಿಂಟರಿನಲ್ಲಿ ಐಪಿಯನ್ನು 'ಆಟೋ'ಗೆ ಬದಲಿಸಿ. ಆಮೇಲೆ ರೂಟರಿನಲ್ಲಿ 'ಅಡ್ರೆಸ್ ರಿಸರ್ವೇಶನ್' ಹುಡುಕಿ, ಪ್ರಿಂಟರಿನ ಮ್ಯಾಕ್ ಕೊಟ್ಟು ಒಂದು ವಿಳಾಸ ಕಾದಿರಿಸಿ. ಆಗ ಅದು ಗುಮಾಸ್ತನ ಪುಸ್ತಕದಲ್ಲಿ ಇರುತ್ತೆ, ಬೇರೆಯವರಿಗೆ ಕೊಡಲ್ಲ.

ಹಳೇಕೀಲಿ | ಭಾನುವಾರ, ಬೆಳಿಗ್ಗೆ 11:30

ರೂಟರ್ ಮತ್ತೆ ಬದಲಾದರೆ ಆ ಪುಸ್ತಕವೇ ಹೋಯ್ತಲ್ಲ ಸ್ವಾಮಿ. ಆಗ ಪ್ರಿಂಟರ್ ಬೇರೆ ವಿಳಾಸಕ್ಕೆ ಹೋಗುತ್ತೆ, ವಿಂಡೋಸ್ ಹಳೇ ಮನೆ ಬಾಗಿಲು ಬಡಿಯುತ್ತಾ ಇರುತ್ತೆ. ನಾನು ಮ್ಯಾನುಯಲ್ ಅನ್ನೋದು ಅದಕ್ಕೆ.

ಚುಕ್ಕಿ72 | ಭಾನುವಾರ, ಬೆಳಿಗ್ಗೆ 11:41

ಹಳೇಕೀಲಿ ಹೇಳೋದ್ರಲ್ಲೂ ತಪ್ಪಿಲ್ಲ. ಮ್ಯಾನುಯಲ್ಲೇ ಇರಲಿ ಅಂದರೆ ರೂಟರ್ ಹಂಚುವ ಪಟ್ಟಿಯನ್ನು 50ರಿಂದ 254 ಅಂತ ಕುಗ್ಗಿಸಿ, ಪ್ರಿಂಟರನ್ನು 20ರಲ್ಲೇ ಬಿಡಬಹುದು. ಆದರೆ ಹೊಸ ರೂಟರ್ 192.168.0 ಸಾಲಿನದಾದರೆ ಮ್ಯಾನುಯಲ್ ಹಾಕಿದ ಪ್ರಿಂಟರ್ ಯಾರಿಗೂ ಸಿಗದೆ ಅನಾಥವಾಗುತ್ತೆ. ಆಟೋದಲ್ಲಿದ್ದರೆ ಹೊಸ ವಿಳಾಸದಲ್ಲಾದರೂ ಸಿಗುತ್ತೆ. ನನ್ನ ಓಟು ರಿಸರ್ವೇಶನ್‌ಗೆ.

ಖಾಲಿಹಾಳೆ | ಭಾನುವಾರ, ಮಧ್ಯಾಹ್ನ 12:35

ರಿಸರ್ವೇಶನ್ ಮಾಡಿದೆ. 20ನ್ನೇ ಕೇಳಿದರೆ 'ಬಳಕೆಯಲ್ಲಿದೆ' ಅಂತ ರೂಟರ್ ಒಪ್ಪಲಿಲ್ಲ. ಹಾಳಾಗಲಿ ಅಂತ ಅದನ್ನು ಮಗಳ ಫೋನಿಗೇ ಬಿಟ್ಟು ಪ್ರಿಂಟರ್‌ಗೆ 200 ಕೊಟ್ಟೆ. ಆದರೆ ಲ್ಯಾಪ್‌ಟಾಪ್ ಈಗಲೂ ಆಫ್‌ಲೈನ್ ಅನ್ನುತ್ತೆ!

ಚುಕ್ಕಿ72 | ಭಾನುವಾರ, ಮಧ್ಯಾಹ್ನ 12:38

ವಿಂಡೋಸ್ ಪೋರ್ಟಿನಲ್ಲಿ ಇನ್ನೂ 20 ಇದೆ. 'ಕಾನ್ಫಿಗರ್ ಪೋರ್ಟ್'ನಲ್ಲಿ ಅದನ್ನು 200 ಮಾಡಿ. ಡ್ರೈವರ್ ಮುಟ್ಟಬೇಡಿ!

ಖಾಲಿಹಾಳೆ | ಭಾನುವಾರ, ಮಧ್ಯಾಹ್ನ 12:44

ಬಂತು. ಇಡೀ ಹಾಳೆ. ಭಾನುವಾರ ಮಧ್ಯಾಹ್ನ, ಮಗಳು ಪಕ್ಕದಲ್ಲೇ ಫೋನ್ ಹಿಡಿದು ಕೂತಿರುವಾಗ.

ಇನ್ನೊಂದು ವಿಷಯ. ತನ್ನ ಫೋನಿನಿಂದ ಪ್ರಿಂಟ್ ಒಂದು ಸಲವೂ ಬಂದಿಲ್ಲ ಅಂತ ಅವಳು ಹೇಳ್ತಿದ್ದಾಳೆ. ಪಟ್ಟಿಯಲ್ಲಿ ಪ್ರಿಂಟರ್ ಹೆಸರು ಕಾಣುತ್ತಿತ್ತಂತೆ, ಒತ್ತಿದರೆ ಏನೂ ಆಗುತ್ತಿರಲಿಲ್ಲವಂತೆ. ಈಗ ಬರ್ತಿದೆ.

ತಂತಿಜಾಲ | ಭಾನುವಾರ, ಮಧ್ಯಾಹ್ನ 12:52

ಬರೋದಾದರೂ ಹೇಗೆ? ಹೆಸರು ಹುಡುಕಿದರೆ ಪ್ರಿಂಟರ್ 'ನಾನು 20ರಲ್ಲಿದ್ದೇನೆ' ಅನ್ನುತ್ತಿತ್ತು. ಫೋನಿನ ವಿಳಾಸವೂ 20. ಪಾಪ, ಅದು ತನಗೆ ತಾನೇ ಕಾಗದ ಬರೆದುಕೊಳ್ಳುತ್ತಿತ್ತು.

ಸುಮ್ನೆಓದುಗ | ಭಾನುವಾರ, ಮಧ್ಯಾಹ್ನ 1:15

ಇದನ್ನು ಓದಿ ನಮ್ಮನೆ ಪ್ರಿಂಟರಿನ ಪುಟ ತೆಗೆದು ನೋಡಿದೆ. ಮ್ಯಾನುಯಲ್. ಯಾರು ಹಾಕಿದ್ದೋ ಗೊತ್ತಿಲ್ಲ. ಬಹುಶಃ ನಾನೇ.

ಅರ್ಧಪುಟ | ಆರು ತಿಂಗಳ ನಂತರ

ಹಳೇ ಚರ್ಚೆ ಎಬ್ಬಿಸ್ತಿದ್ದೀನಿ. ನನ್ನದೂ ಇದೇ ತೊಂದರೆ, ಪ್ರಿಂಟರ್ ಆಗಾಗ ಆಫ್‌ಲೈನ್. ಪ್ಲಗ್ ಕಿತ್ತು ಪಿಂಗ್ ಮಾಡಿದೆ, ಯಾರೂ ಉತ್ತರ ಕೊಡಲಿಲ್ಲ. ಐಪಿ 192.168.0.14. ಈಗ?

ಚುಕ್ಕಿ72 | ಆರು ತಿಂಗಳ ನಂತರ

ಹಾಗಾದರೆ ನಿಮ್ಮದು ಇದೇ ಅಲ್ಲದಿರಬಹುದು. ಪ್ರಿಂಟರಿನ ನೆಟ್‌ವರ್ಕ್ ಪುಟ ತೆಗೆದು ಇಲ್ಲಿ ಟೈಪ್ ಮಾಡಿ. ಮ್ಯಾಕ್, ಪಾಸ್‌ವರ್ಡ್ ಬಿಟ್ಟು ಎಲ್ಲಾ ಸಾಲೂ. ಸಣ್ಣಪುಟ್ಟದ್ದೂ ಸೇರಿ.